ಬಾಯಿಪಾಠ ಬರುತ್ತದೆ, ಓದಲು ಬರುವುದಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹುಡುಗನಿಗೆ 10 ವರ್ಷ, ಮದ್ರಸಕ್ಕೆ ಸೇರಿ 3 ವರ್ಷ. ಕುರ್‌ಆನಿನ ಕೊನೆಯ ಜುಝ್‌ನ (ಮೂವತ್ತನೆಯ ಭಾಗದ) ಚಿಕ್ಕ ಸೂರಾಗಳನ್ನು (ಅಧ್ಯಾಯಗಳನ್ನು) ತಡವರಿಸದೆ ಒಪ್ಪಿಸುತ್ತಾನೆ. ಹೊಸ ಪುಟ ತೆರೆದರೆ ಬಾಯಿ ಕಟ್ಟುತ್ತದೆ. ಉಸ್ತಾದರಿಗೆ (ಕಲಿಸುವ ಗುರುಗಳಿಗೆ) ಇದು ಸೋಮಾರಿತನವಾಗಿ ಕಂಡಿತ್ತು. ಸಬಕ್ (ಹೊಸ ಪಾಠ) ಒಪ್ಪಿಸುವ ಹೊತ್ತಿಗೆ ಹೊಟ್ಟೆನೋವು ಶುರುವಾದ ಮೇಲೆ ತಾಯಿ ನಮ್ಮಲ್ಲಿಗೆ ಕರೆತಂದರು.

ಕಣ್ಣಿನ ಪರೀಕ್ಷೆಯಲ್ಲಿ ದೋಷವಿರಲಿಲ್ಲ. ಅವನಿಗೆ ಬಾಯಿಗೆ ಬರುವ ಸೂರಾವನ್ನೇ ತೆರೆದು, ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಓದಲು ಹೇಳಿದಾಗ ವಿಷಯ ತಿಳಿಯಿತು. ಆರಂಭದಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದು ಆ ಪದ ಮುಟ್ಟುತ್ತಿದ್ದ. ಅರಬಿಯ ಬಿಡಿ ಅಕ್ಷರಗಳೆಲ್ಲ ಗೊತ್ತು, ತೊಡಕಿರುವುದು ಅವು ಒಂದಕ್ಕೊಂದು ಕೂಡಿ ಬರುವಲ್ಲಿ. ಬಾ, ತಾ, ಥಾ, ನೂನ್, ಯಾ ಪದದ ನಡುವೆ ಬಂದರೆ ಐದಕ್ಕೂ ಒಂದೇ ಚಿಕ್ಕ ಹಲ್ಲಿನ ಆಕಾರ, ವ್ಯತ್ಯಾಸ ಚುಕ್ಕೆಯಲ್ಲಷ್ಟೇ. ಜೊತೆಗೆ ಅಲಿಫ್, ದಾಲ್, ರಾ, ವಾವ್ ಮುಂತಾದ 6 ಅಕ್ಷರಗಳು ಮುಂದಿನದಕ್ಕೆ ಕೂಡುವುದಿಲ್ಲ. ಅಲ್ಲಿ ಹೊಸ ಪದ ಶುರುವಾಯಿತೆಂದು ನಿಲ್ಲುತ್ತಿದ್ದ. 35 ಮಕ್ಕಳು ಒಟ್ಟಿಗೆ ದನಿಗೂಡಿಸುವ ತರಗತಿಯಲ್ಲಿ ಇದು ಯಾರ ಕಿವಿಗೂ ಬೀಳುವುದಿಲ್ಲ.

ಉಸ್ತಾದರಿಗೆ ಹೇಳಿದ್ದು: 4 ವಾರ ಹೊಸ ಸಬಕ್ ಬೇಡ. ದಿನಕ್ಕೆ 10 ನಿಮಿಷ, ಅವನೊಬ್ಬನಿಗೇ, ಕಾಯಿದಾದಿಂದ (ಅಕ್ಷರ ಕಲಿಸುವ ಮೊದಲ ಪುಸ್ತಕದಿಂದ) 8 ಅಪರಿಚಿತ ಪದ. ಬಿಡಿಸಿ ಬರೆದು, ಕೂಡಿಸಿ ಬರೆದು, ಆಮೇಲೆ ಚುಕ್ಕೆಯಿಲ್ಲದೆ ಬರೆದುಕೊಟ್ಟು ನೀವು ಓದಿದ ಪದಕ್ಕೆ ಅವನೇ ಚುಕ್ಕೆ ಇಡಲಿ. ತಡೆದಾಗ ಕೂಡಲೇ ಹೇಳಿಕೊಡಬೇಡಿ, 5 ಸೆಕೆಂಡು ಕಾಯಿರಿ. ಸದ್ಯಕ್ಕೆ ಲಹ್ನ್ ಜಲೀ (ಎದ್ದು ಕಾಣುವ ತಪ್ಪು) ಮಾತ್ರ ತಿದ್ದಿ: ಅಕ್ಷರ ಬದಲಾಗುವುದು, ಜಬರ್-ಜೇರ್-ಪೇಶ್ (ಅ, ಇ, ಉ ಸ್ವರಗಳ ಗುರುತು) ತಪ್ಪುವುದು. ನಾಲಗೆಯ ಬುಡದಿಂದ ಬರಬೇಕಾದ ಖಾಫ್ ಮುಂದೆ ಸರಿದು ಕಾಫ್ ಆದರೆ ‘ಹೃದಯ’ (ಖಲ್ಬ್) ಹೋಗಿ ‘ನಾಯಿ’ (ಕಲ್ಬ್) ಆಗುತ್ತದೆ, ಇದನ್ನು ಬಿಡುವಂತಿಲ್ಲ. ಗುನ್ನಾದ (ಮೂಗಿನ ದನಿಯ) ಅಳತೆಯಂಥ ತಜ್ವೀದಿನ (ಉಚ್ಚಾರಣೆಯ ನಿಯಮಗಳ) ಸೂಕ್ಷ್ಮಗಳು ಕಾಯಬಲ್ಲವು. ಎಲ್ಲವನ್ನೂ ಒಟ್ಟಿಗೆ ತಿದ್ದಿದರೆ ಮಗು ಅಕ್ಷರ ನೋಡುವುದನ್ನೇ ಬಿಟ್ಟು ಉಸ್ತಾದರ ಮುಖ ನೋಡುತ್ತದೆ.

ತಾಯಿಗೆ: ಓದುವ ಮುಂಚೆ ತಿಲಾವತ್ (ಕುರ್‌ಆನ್ ಪಠಣ) ಕೇಳಿಸಬೇಡಿ, ಓದಿದ ಮೇಲೆ ಕೇಳಿಸಿ. ಬಾಯಿಪಾಠದ ಸೂರಾಗಳ ಪುನರಾವರ್ತನೆ ನಿಲ್ಲದಿರಲಿ, ಅದು ಅವನ ಹೆಮ್ಮೆ. ಹೊಟ್ಟೆನೋವು ನಾಟಕವಲ್ಲ, ಅಕ್ಕನೊಂದಿಗೆ ಹೋಲಿಸುವುದು ನಿಲ್ಲಬೇಕು.

6ನೇ ವಾರ ಕಾಣದ ಪುಟದ 3 ಸಾಲು ನಿಧಾನವಾಗಿ ಓದಿದ. ಬಾ-ಯಾ ಇನ್ನೂ ಅದಲುಬದಲಾಗುತ್ತವೆ, ಪರೀಕ್ಷೆಯ ದಿನ ಹೊಟ್ಟೆನೋವೂ ಇದೆ. ಒಂದು ತಿಂಗಳ ಬಳಿಕ ಮತ್ತೆ ಬರಲು ಹೇಳಿದ್ದೇವೆ, ಈ ಸಲ ಉಸ್ತಾದರ ಜೊತೆಗೇ.