ಎರಡಕ್ಕೆ ಡೈಪರ್ರೇ ಬೇಕು ಅನ್ನುವ ಮಗ, ಜೂನ್‌ಗೆ ಶಾಲೆ: ನಮ್ಮ ಮನೆಯಲ್ಲಿ ಆದದ್ದು

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಪುಣೆಯಲ್ಲಿದ್ದೀರಿ. ಮಗನಿಗೆ ಐದೂವರೆ ವರ್ಷ, ಆಟಿಸಂ ಇದೆ, ಮಾತು ಕಡಿಮೆ. ಒಂದಕ್ಕೆ ಹೇಗೋ ಬಾತ್‌ರೂಮಿಗೆ ಹೋಗುತ್ತಾನೆ. ಎರಡಕ್ಕೆ ಮಾತ್ರ ಡೈಪರ್ ಹಾಕಲೇಬೇಕು, ಹಾಕದಿದ್ದರೆ ಮೂರು ದಿನವಾದರೂ ತಡೆದುಕೊಂಡೇ ಇರುತ್ತಾನೆ. ಡೈಪರ್ ಬಿಡಿಸಿ ಕಳಿಸಿ ಅಂತ ಶಾಲೆಯವರು ಹೇಳಿದ್ದಾರೆ. ಎರಡು ಏಟು ಬಿದ್ದರೆ ಸರಿಹೋಗುತ್ತಾನೆ ಅಂತ ನಿಮ್ಮ ಅತ್ತೆ ಹೇಳುತ್ತಾರೆ. ಶಾಲೆಗೆ ಇನ್ನು ಎರಡೇ ತಿಂಗಳು, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ಒಬ್ಬ ಅಪ್ಪ. ಹೆಂಡತಿಗೆ ಮುಂಬೈಯ ಫೋರ್ಟ್‌ನಲ್ಲಿ ಬ್ಯಾಂಕ್ ಕೆಲಸ, ಬೆಳಗ್ಗೆ ಬೇಗ ಲೋಕಲ್ ಟ್ರೇನ್ ಹಿಡಿಯಬೇಕು. ನನ್ನದು ಮನೆಯಿಂದಲೇ ಕೆಲಸ. ಹಾಗಾಗಿ ನಮ್ಮ ಮನೆಯ ಸಂಡಾಸ ಖಾತೆ ನನ್ನ ಪಾಲಿಗೆ ಬಂತು. ಮಗನಿಗೆ ಈಗ ಒಂಬತ್ತು. ನಿಮ್ಮ ಮಗನ ವಯಸ್ಸಿನಲ್ಲಿ ಅವನೂ ಥೇಟ್ ಹೀಗೇ ಇದ್ದ.

ಮೊದಲು ಏಟಿನ ವಿಷಯ. ದಯವಿಟ್ಟು ಬೇಡ ಮೇಡಂ. ಹೊಡೆದರೆ ಮಗು ಕಲಿಯುವುದು ಒಂದೇ, ಕಕ್ಕ ಬಂದರೆ ಏಟು ಬೀಳುತ್ತೆ ಅಂತ. ಆಮೇಲೆ ಇನ್ನೂ ಜಾಸ್ತಿ ತಡೆಯುತ್ತಾನೆ. ತಡೆದಷ್ಟೂ ಗಟ್ಟಿಯಾಗುತ್ತೆ, ಗಟ್ಟಿಯಾದಷ್ಟೂ ನೋವು, ನೋವಿಗೆ ಹೆದರಿ ಮತ್ತೆ ತಡೆಯುತ್ತಾನೆ. ಅತ್ತೆಗೆ ಇದನ್ನೇ ಹೇಳಿ ನೋಡಿ. ನಮ್ಮ ಅಮ್ಮನಿಗೆ "ಅವನಿಗೆ ಹಟ ಅಲ್ಲಮ್ಮ, ನೋವು" ಅಂದ ಮೇಲೇ ಅರ್ಥವಾಯಿತು.

ನೀವು ಡೈಪರ್ ಬಿಡಿಸುವ ಯೋಚನೆಯಲ್ಲಿದ್ದೀರಿ. ಅದಕ್ಕೆ ಮೊದಲು ಅವನ ಹೊಟ್ಟೆ ನೋಡಿಸಿ. ನಾವು ಇಲ್ಲೇ ಎಡವಿದ್ದು. ನಮ್ಮವನ ಚಡ್ಡಿಯಲ್ಲಿ ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಸ್ವಲ್ಪ ಸ್ವಲ್ಪ ಅಂಟಿಕೊಂಡಿರುತ್ತಿತ್ತು. ಭೇದಿ ಅಂದುಕೊಂಡು ಸಾಬೂದಾನಿ ಗಂಜಿ, ಬಾಳೆಕಾಯಿ ಪಲ್ಯ ಅಂತ ಹೊಟ್ಟೆ ಕಟ್ಟುವುದನ್ನೇ ಹುಡುಕಿ ಹುಡುಕಿ ಕೊಟ್ಟೆವು. ಮಕ್ಕಳ ಡಾಕ್ಟರ್ ಹೊಟ್ಟೆ ಒತ್ತಿ ನೋಡಿದವರೇ "ಭೇದಿ ಅಲ್ಲ, ಅದರ ಉಲ್ಟಾ" ಅಂದರು. ಒಳಗೆ ಗಟ್ಟಿ ಮಲ ಕೂತುಬಿಟ್ಟಿತ್ತು. ತೆಳುವಾದದ್ದು ಅದರ ಪಕ್ಕದಿಂದ ಸೋರುತ್ತಿತ್ತು, ಅಷ್ಟೇ. ಬಹಳ ದಿನ ಹೀಗೆ ತುಂಬಿಕೊಂಡಿದ್ದರೆ ಕರುಳಿನ ಕೊನೆಯ ಭಾಗ ಹಿಗ್ಗುತ್ತೆ. ಆಮೇಲೆ ಬಂತು ಅನ್ನುವುದೇ ಮಗುವಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹಸಿವು, ಬಾಯಾರಿಕೆ, ಒಂದಕ್ಕೆ ಬಂದದ್ದು ಎಲ್ಲವೂ ಮೊದಲೇ ಮಸುಕು ಮಸುಕು. ಅದರ ಮೇಲೆ ಇದೂ ಸೇರಿದರೆ ಅವನಾದರೂ ಏನು ಮಾಡಬೇಕು, ಅಲ್ವಾ?

ಡಾಕ್ಟರ್ ಕೊಟ್ಟದ್ದು ನೀರಲ್ಲಿ ಕಲಸುವ ಪುಡಿ. ಪಾಲಿಎಥಿಲೀನ್ ಗ್ಲೈಕಾಲ್ ಅಂತ ಹೆಸರು. ಅದು ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತೆ. ಎಷ್ಟು ಕೊಡಬೇಕು ಅನ್ನುವುದು ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು, ನಮ್ಮ ಲೆಕ್ಕ ನಿಮಗೆ ಹೇಳಿ ಉಪಯೋಗವಿಲ್ಲ. ನಮ್ಮವನು ನೀರಲ್ಲಿ ಕುಡಿಯಲಿಲ್ಲ, ಹಾಲಲ್ಲೂ ಇಲ್ಲ, ಊರಿಂದ ತಂದ ಪುನರ್ಪುಳಿ ಶರಬತ್ತಿನಲ್ಲಿ ಮಾತ್ರ ಕುಡಿದ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಇದು ಅಭ್ಯಾಸವಾಗಿಬಿಟ್ಟರೆ ಅಂತ ಹೆದರಿ ನಾನೇ ನಿಲ್ಲಿಸಿದೆ. ಹತ್ತೇ ದಿನದಲ್ಲಿ ಮೊದಲಿದ್ದ ಜಾಗಕ್ಕೇ ವಾಪಸ್. ಈ ಔಷಧ ತಿಂಗಳುಗಟ್ಟಲೆ ಬೇಕಾಗುತ್ತೆ, ನಿಧಾನವಾಗಿ ಇಳಿಸಬೇಕು ಅಂತ ಡಾಕ್ಟರ್ ಎರಡನೇ ಸಲ ಸ್ವಲ್ಪ ದನಿ ಏರಿಸಿಯೇ ಹೇಳಿದರು. ಹಾಲನ್ನೂ ಇಳಿಸಿದೆವು. ಆಗ ದಿನಕ್ಕೆ ಹತ್ತಿರ ಹತ್ತಿರ ಒಂದು ಲೀಟರ್ ಕುಡಿಯುತ್ತಿದ್ದ. ತರಕಾರಿ ಮುಟ್ಟುತ್ತಿರಲಿಲ್ಲ. ಪಪ್ಪಾಯಿ ತಿನ್ನುತ್ತಿದ್ದ, ಅದೂ ಚೌಕ ಚೌಕವಾಗಿ ಹೆಚ್ಚಿದರೆ. ಮಲದಲ್ಲಿ ರಕ್ತ, ವಾಂತಿ, ಹೊಟ್ಟೆ ಉಬ್ಬರ ಕಂಡರೆ ತಡ ಮಾಡದೆ ತೋರಿಸಿ.

ಹೊಟ್ಟೆ ಸಡಿಲವಾದ ಮೇಲೂ ಅವನು ಕಮೋಡಿನ ಹತ್ತಿರ ಸುಳಿಯಲಿಲ್ಲ. ದಿನಾ ಬೆಳಗ್ಗೆ ಆರೂವರೆಗೆ, ಹೆಂಡತಿ ಹೊರಡುವ ಮೊದಲು, ಇಬ್ಬರೂ ಸೇರಿ ಕೂರಿಸುತ್ತಿದ್ದೆವು. ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದ. ಒಂದು ಭಾನುವಾರ ನಾನೇ ಬಾಗಿಲು ಹಾಕಿಕೊಂಡು ಅದೇ ಹೊತ್ತಿಗೆ ಅಲ್ಲಿ ಕೂತೆ, ಅವನಿಗೆ ಏನಾಗುತ್ತಿದೆ ನೋಡೋಣ ಅಂತ. ನಮ್ಮ ಸೊಸೈಟಿಯಲ್ಲಿ ಆರೂವರೆಗೆ ನೀರು ಬಿಡುತ್ತಾರೆ. ಮೊದಲು ಬರುವುದು ಗಾಳಿ. ತಲೆಯ ಹಿಂದಿನ ಪೈಪು ಗೊರಗೊರ ಅಂದು ಗೋಡೆಯೇ ಅಲುಗಿದ ಹಾಗಾಯಿತು. ನಲ್ಲಿ ಕೆಮ್ಮಿತು. ನನಗೇ ಎದೆ ಝಲ್ ಅಂತು. ಇಷ್ಟು ದಿನ ನಾವು ಮಗುವನ್ನು ಸರಿಯಾಗಿ ಆ ಹೊತ್ತಿಗೇ ಕೂರಿಸಿ, ಹಟಮಾರಿ ಅಂತ ಬೈಯುತ್ತಿದ್ದೆವು!

ಅವತ್ತಿಂದ ಹೊತ್ತು ಬದಲಾಯಿಸಿದೆವು. ಬೆಳಗಿನ ತಿಂಡಿಯಾಗಿ ಇಪ್ಪತ್ತು ನಿಮಿಷಕ್ಕೆ ಒಂದು ಸಲ, ಸಂಜೆ ತಿಂದ ಮೇಲೆ ಇನ್ನೊಂದು ಸಲ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕರುಳು ತಾನಾಗಿಯೇ ಚಲಿಸುತ್ತೆ, ಆಗ ಕೂರಿಸಿದರೆ ಕೆಲಸ ಹಗುರ. ಐದು ನಿಮಿಷ ಸಾಕು. "ಹೋಗ್ತೀಯಾ?" ಅಂತ ಕೇಳಬೇಡಿ. "ಬೇಡ" ಅನ್ನುವ ಉತ್ತರ ಸಿದ್ಧವಾಗಿರುತ್ತೆ. "ತಿಂಡಿ ಆಯ್ತು, ಈಗ ಕಕ್ಕ, ಆಮೇಲೆ ಟ್ರೇನ್" ಅಷ್ಟೇ. ಟ್ರೇನ್ ಅಂದರೆ ನನ್ನ ಫೋನಿನಲ್ಲಿದ್ದ ಒಂದು ಚಿಕ್ಕ ವೀಡಿಯೊ. ಲೋಕಲ್ ಒಳಗೆ "ಪುಢೀಲ್ ಸ್ಟೇಷನ್ ಡೊಂಬಿವಲಿ" (ಮುಂದಿನ ಸ್ಟೇಷನ್ ಡೊಂಬಿವಲಿ) ಅಂತ ಮರಾಠಿಯಲ್ಲಿ ಹೇಳುತ್ತಾರಲ್ಲ, ಅದನ್ನು ನಾನೇ ರೆಕಾರ್ಡ್ ಮಾಡಿದ್ದೆ. ಅದು ಅಲ್ಲಿ ಕೂತ ಮೇಲೆ ಮಾತ್ರ ಸಿಗುತ್ತಿತ್ತು, ಬೇರೆ ಯಾವಾಗ ಅತ್ತರೂ ಇಲ್ಲ. ಫ್ಲಶ್ ಅವನು ಹೊರಗೆ ಹೋದ ಮೇಲೆ ನಾನು ಒತ್ತುತ್ತಿದ್ದೆ.

ಕಾಲು ಗಾಳಿಯಲ್ಲಿ ತೂಗಾಡುತ್ತಿದ್ದರೆ ತಿಣುಕುವುದಕ್ಕೆ ಬಲ ಸಿಗುವುದಿಲ್ಲ. ಪಾದ ಊರಿಕೊಳ್ಳಬೇಕು, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ಆ ಹೊತ್ತಿಗೆ ಕೈಗೆ ಸಿಕ್ಕಿದ್ದು ಊಟದ ಮಣೆ. ಎರಡು ಮಣೆ ಒಂದರ ಮೇಲೊಂದು ಇಟ್ಟೆ. ಅಮ್ಮ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ನೀವು ಪ್ಲಾಸ್ಟಿಕ್ ಸ್ಟೂಲ್ ತನ್ನಿ.

ಈಗ ಡೈಪರ್. ಒಂದೇ ದಿನ ಕಿತ್ತುಕೊಳ್ಳಬೇಡಿ. ತಡೆದುಕೊಳ್ಳುವ ಮಗುವಿನ ಹತ್ತಿರ ಡೈಪರ್ ಕಿತ್ತುಕೊಂಡರೆ ಮಲ ಇನ್ನೂ ಒಳಗೇ ಕೂರುತ್ತೆ. ಜಾಗ ಬದಲಾಯಿಸುತ್ತಾ ಹೋಗಿ. ನಮ್ಮವನು ಹಾಲ್‌ನ ಪರದೆ ಹಿಂದೆ ನಿಂತು ಮಾಡುತ್ತಿದ್ದ. ಮೊದಲು ಡೈಪರ್ ಹಾಕಿಯೇ ಬಾತ್‌ರೂಮಿನ ಬಾಗಿಲ ಹತ್ತಿರ ನಿಲ್ಲಿಸಿದೆವು. ಅದು ಅಭ್ಯಾಸವಾದ ಮೇಲೆ ಒಳಗೆ. ಆಮೇಲೆ ಮುಚ್ಚಿದ ಕಮೋಡಿನ ಮೇಲೆ, ಡೈಪರ್ ಹಾಕಿಕೊಂಡೇ ಕೂರುವುದು. ಆಮೇಲೆ ಮುಚ್ಚಳ ತೆಗೆದು, ಮಕ್ಕಳ ಸೀಟ್ ಇಟ್ಟು. ಒಂದೊಂದು ಮೆಟ್ಟಿಲಿಗೆ ಒಂದು ವಾರ, ಎರಡು ವಾರ. ಮುಂದಿನ ಮೆಟ್ಟಿಲು ಡೈಪರಿಗೆ ಕೆಳಗಡೆ ತೂತು ಮಾಡುವುದು. ಸರಿ, ಕತ್ತರಿ ತಗೊಂಡು ಅಂಗೈ ಅಗಲ ಕತ್ತರಿಸಿದೆ. ಅವನು ಅದನ್ನು ಕೈಯಲ್ಲಿ ಹಿಡಿದು, ತೂತಿನಿಂದ ನನ್ನನ್ನೇ ನೋಡಿದ. ಎದ್ದು ಹೋದ. ನನ್ನ ಮೇಜಿನ ಡ್ರಾಯರ್ ತೆಗೆದು ಸೆಲ್ಲೋ ಟೇಪ್ ತಂದು ನನ್ನ ಕೈಗೆ ಕೊಟ್ಟ. ಮಾತಿಲ್ಲದ ಹುಡುಗ ಅದಕ್ಕಿಂತ ಚೆನ್ನಾಗಿ ಇನ್ನು ಹೇಗೆ ಹೇಳುತ್ತಾನೆ! ನಗುತ್ತಲೇ ಅಂಟಿಸಿದೆ. ಮರುದಿನ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿದೆ, ಒಪ್ಪಿದ. ಅದನ್ನು ದೊಡ್ಡದು ಮಾಡುತ್ತಾ ಮಾಡುತ್ತಾ ಕೊನೆಗೆ ಸೊಂಟದ ಪಟ್ಟಿ ಮಾತ್ರ ಉಳಿಯಿತು. ಜನವರಿಯಲ್ಲಿ ಶುರು ಮಾಡಿದ್ದು, ಆ ಪಟ್ಟಿಯೂ ಹೋಗುವ ಹೊತ್ತಿಗೆ ಗಣೇಶ ಚೌತಿ ಬಂದಿತ್ತು.

ಅಂದರೆ ಶಾಲೆಯ ಮೊದಲ ದಿನ ಅವನು ಇನ್ನೂ ತೂತಿನ ಮೆಟ್ಟಿಲಲ್ಲೇ ಇದ್ದ. ಅದರಿಂದ ಏನೂ ಆಗಲಿಲ್ಲ. ಶಾಲೆ ನಾಲ್ಕು ಗಂಟೆ, ಅಷ್ಟರಲ್ಲಿ ಅಲ್ಲಿ ಎರಡಕ್ಕೆ ಹೋಗಲೇಬೇಕು ಅಂತ ಎಲ್ಲಿದೆ? ತಿಂಡಿಯಾದ ಮೇಲೆ ಮನೆಯಲ್ಲಿ ಮುಗಿಸಿ ಹೊರಟರೆ ಸಾಕು. ಶಾಲೆಯ ಮಟ್ಟಿಗೆ ಒಂದಕ್ಕೆ ಹೋಗುವುದನ್ನು ಗಟ್ಟಿ ಮಾಡಿ. ನಿಮ್ಮ ಎರಡು ತಿಂಗಳಿಗೆ ಇದೇ ಸಾಧ್ಯವಾಗುವ ಗುರಿ ಅಂತ ನನಗೆ ಅನ್ನಿಸುತ್ತೆ.

ಒಂದಕ್ಕೆ ಮನೆಯಲ್ಲಿ ಹೋಗುವವನು ಶಾಲೆಯಲ್ಲೂ ಹೋಗುತ್ತಾನೆ ಅಂದುಕೊಳ್ಳಬೇಡಿ. ನಮ್ಮ ಮಕ್ಕಳಿಗೆ ಮನೆಯ ಬಾತ್‌ರೂಮ್ ಒಂದು, ಶಾಲೆಯದು ಪೂರಾ ಬೇರೆ ಲೋಕ. ಮೇ ರಜೆಯಲ್ಲಿ, ಮಕ್ಕಳಿಲ್ಲದಾಗ, ನಾವು ಅನುಮತಿ ಕೇಳಿ ನಾಲ್ಕು ಸಲ ಹೋದೆವು. ಅಲ್ಲಿ ಇದ್ದದ್ದು ಇಂಡಿಯನ್ ಟಾಯ್ಲೆಟ್, ನೆಲವೆಲ್ಲ ಒದ್ದೆ. ಅವನಿಗೆ ಪಾದಕ್ಕೆ ನೀರು ತಾಕಿದರೆ ಆಗುವುದಿಲ್ಲ. ಶಾಲೆಯ ಮಾವಶಿ (ಮಕ್ಕಳನ್ನು ನೋಡಿಕೊಳ್ಳುವ ಆಯಾ) ನೋಡಿದರು, ಏನೂ ಕೇಳಲಿಲ್ಲ, ಒಂದು ಗೋಣಿಚೀಲ ತಂದು ಹಾಸಿದರು. ಮುಂದೆ ವರ್ಷಪೂರ್ತಿ ಅವನನ್ನು ಹೊತ್ತು ಹೊತ್ತಿಗೆ ಕರೆದುಕೊಂಡು ಹೋದವರೂ ಅವರೇ. ಟೀಚರ್ ಜೊತೆ ಎಷ್ಟು ಮೀಟಿಂಗ್ ಮಾಡಿದರೂ ಸರಿ, ಮಾವಶಿಯ ಹತ್ತಿರ ಒಂದು ಸಲ ಕೂತು ಮಾತಾಡಿ.

ಆಗ ಇನ್ನೊಂದು ತಮಾಷೆ ಗೊತ್ತಾಯಿತು. ನಾವು "ಕಕ್ಕ, ಸುಸ್ಸು" ಅನ್ನುತ್ತೇವೆ. ಮನೆಗೆಲಸದವರು ಮರಾಠಿಯಲ್ಲಿ "ಶೀ, ಶೂ" ಅನ್ನುತ್ತಾರೆ. ಥೆರಪಿಯಲ್ಲಿ "ಪಾಟಿ". ಶಾಲೆಯಲ್ಲಿ "ವಾಶ್‌ರೂಮ್". ಒಂದೇ ಕೆಲಸಕ್ಕೆ ನಾಲ್ಕು ಹೆಸರು! ಕೊನೆಗೆ ಎಲ್ಲರಿಗೂ ಒಂದೇ ಕಾರ್ಡ್ ಮಾಡಿದೆವು. ಇಂಟರ್ನೆಟ್‌ನ ಬೊಂಬೆ ಚಿತ್ರ ಅಲ್ಲ, ಒಂದು ಬದಿಗೆ ನಮ್ಮ ಮನೆಯ ಕಮೋಡಿನ ಫೋಟೊ, ಇನ್ನೊಂದು ಬದಿಗೆ ಶಾಲೆಯ ಟಾಯ್ಲೆಟ್‌ನ ಫೋಟೊ. ಐಡಿ ಕಾರ್ಡಿನ ಜೊತೆ ಕೊರಳಲ್ಲಿ. ಮೂರನೇ ತಿಂಗಳು ಅವನೇ ಎತ್ತಿ ತೋರಿಸಿದ ಅಂತ ಮಾವಶಿ ಫೋನ್ ಮಾಡಿ ಹೇಳಿದರು.

ಶಾಲೆಯವರು ಡೈಪರ್ ನೆಪ ಹೇಳಿ ಸೇರಿಸಿಕೊಳ್ಳದಿದ್ದರೆ ಕಾನೂನು ನಿಮ್ಮ ಕಡೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅಂತ ಅದರ 16ನೇ ಸೆಕ್ಷನ್ ಹೇಳುತ್ತೆ. ನಮಗೂ ಒಂದು ಶಾಲೆ ಇದೇ ನೆಪ ಹೇಳಿ ಬಾಗಿಲು ಹಾಕಿತ್ತು. ಜಗಳಕ್ಕೆ ಹೋಗುವ ತ್ರಾಣ ನಮಗಿರಲಿಲ್ಲ, ಬೇರೆ ಶಾಲೆ ನೋಡಿಕೊಂಡೆವು. ನಿಮಗಿದ್ದರೆ ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಆಗಲ್ಲ ಅಂದವರು ಬರೆದು ಕೊಡಿ ಅಂದರೆ ಎಷ್ಟೋ ಸಲ ಮೆತ್ತಗಾಗುತ್ತಾರೆ. ಥೆರಪಿಯ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ (ಡಿಸ್ಟ್ರಿಕ್ಟ್ ಅರ್ಲಿ ಇಂಟರ್ವೆನ್ಷನ್ ಸೆಂಟರ್) ಅಂತ ಒಂದು ವಿಭಾಗ ಇದೆಯಾ ವಿಚಾರಿಸಿ, ಸಣ್ಣ ಮಕ್ಕಳ ಬೆಳವಣಿಗೆಯ ತೊಂದರೆಗೆ ಅಂತಲೇ ಸರ್ಕಾರ ಮಾಡಿದ್ದು. ಮುಂಬೈಯಲ್ಲಿ ಕೆಇಎಂ, ಸಾಯನ್, ನಾಯರ್ ಈ ಮೂರೂ ಪಾಲಿಕೆ ಆಸ್ಪತ್ರೆಗಳಲ್ಲಿ ಆಕ್ಯುಪೇಷನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಥೆರಪಿಯ ವಿಭಾಗ ಇದೆ. ಕ್ಯೂ ಉದ್ದ, ಖರ್ಚು ಕಡಿಮೆ.

ಈಗಲೂ ಎಲ್ಲ ಸರಿಹೋಗಿದೆ ಅಂತಲ್ಲ. ಟ್ರೇನ್ ಅಂದರೆ ಪ್ರಾಣ ಬಿಡುವ ಹುಡುಗ, ಟ್ರೇನಿನ ಟಾಯ್ಲೆಟ್ಟಿಗೆ ಕಾಲಿಡುವುದಿಲ್ಲ. ಹೋದ ಸಲ ಮತ್ಸ್ಯಗಂಧದಲ್ಲಿ ಉಡುಪಿಗೆ ಹೋಗುವಾಗ ರಾತ್ರಿಯಿಡೀ ತಡೆದು, ಅಜ್ಜಿ ಮನೆಗೂ ಒಗ್ಗದೆ, ಮರುದಿನ ಸಂಜೆ ಹೋದ. ನೆಂಟರ ಮನೆಗೆ ಹೋದರೆ ಈಗಲೂ ನನ್ನ ಬ್ಯಾಗಿನಲ್ಲಿ ಅವನ ಸೀಟು ಇರುತ್ತೆ.

ನಿಮ್ಮ ಮಗ ಡೈಪರ್ ಹಾಕಿದ ಮೇಲೆ ಮನೆಯ ಯಾವ ಮೂಲೆಗೆ ಹೋಗಿ ಮಾಡುತ್ತಾನೆ, ನಿಂತೋ ಕೂತೋ, ಅದನ್ನು ಬರೆದಿಲ್ಲ. ನಾಳೆಯಿಂದ ಒಂದು ವಾರ ಸುಮ್ನೆ ಗಮನಿಸಿ, ಹೊತ್ತು ಮತ್ತು ಜಾಗ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಕೆಳಗೆ ಬರೆಯಿರಿ, ಯಾವ ಮೆಟ್ಟಿಲಿಂದ ಶುರು ಮಾಡಬಹುದು ಅಂತ ನನಗೆ ತೋಚಿದ್ದನ್ನು ಹೇಳುತ್ತೇನೆ. ಅಷ್ಟರಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಮಾತ್ರ ತಗೊಂಡುಬಿಡಿ.