ಮೊಣಕಾಲಿನ ಕಕಾರ

ಮಾನ್ಯರೇ,

ಏಳನೆಯ ತರಗತಿಯಲ್ಲಿ ಓದುತ್ತಿರುವ ನಿಮ್ಮ ಮಗಳು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುವಾಗ ಚಾಕು ಎಂಬ ಅರ್ಥದ ‘ನೈಫ್’ ಪದವನ್ನು ‘ಕ್ನೈಫ್’ ಎಂದು ಓದಿದಳೆಂದೂ, ತರಗತಿಯೆಲ್ಲ ನಕ್ಕಿತೆಂದೂ, ಮನೆಗೆ ಬಂದು ಅವಳು ‘ಓದಬಾರದ ಅಕ್ಷರವನ್ನು ಬರೆಯುವುದಾದರೂ ಏಕೆ?’ ಎಂದು ಕೇಳಿದಾಗ ನಿಮ್ಮಲ್ಲಿ ಉತ್ತರವಿರಲಿಲ್ಲವೆಂದೂ ಬರೆದಿದ್ದೀರಿ. ಕೆ ಮತ್ತು ಎನ್ ಅಕ್ಷರಗಳಿಂದ ಆರಂಭವಾಗುವ ಇಂಗ್ಲಿಷ್ ಪದಗಳೆಲ್ಲ ಸಂಸ್ಕೃತದಿಂದ ಹುಟ್ಟಿದವೆಂದು ನಿಮ್ಮ ಸ್ನೇಹಿತರೊಬ್ಬರು ವಾದಿಸುತ್ತಾರೆ, ತಿಳಿ ಎಂಬ ಅರ್ಥದ ‘ನೋ’ ಪದಕ್ಕೆ ಜ್ಞಾನವನ್ನೂ ಮೊಣಕಾಲು ಎಂಬ ಅರ್ಥದ ‘ನೀ’ ಪದಕ್ಕೆ ಜಾನುವನ್ನೂ ಸಾಕ್ಷಿಯಾಗಿ ಕೊಡುತ್ತಾರೆ, ಇದು ನಿಜವೇ ಎಂದೂ ಕೇಳಿದ್ದೀರಿ. ಎರಡು ಪ್ರಶ್ನೆಗಳೂ ಒಂದೇ ಕಡೆಗೆ ಕರೆದೊಯ್ಯುವುದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ನಿಮ್ಮ ಮಗಳಿಗೆ ಹೇಳಬೇಕಾದ ಮಾತು. ಅವಳು ಓದಿದ್ದು ಇಂದಿನ ರೂಢಿಗೆ ತಪ್ಪು, ಆದರೆ ಸಾವಿರ ವರ್ಷಗಳ ಹಿಂದಿನ ಇಂಗ್ಲಿಷರು ಅದನ್ನು ಹಾಗೆಯೇ, ಕಕಾರವನ್ನು ಸ್ಪಷ್ಟವಾಗಿ ಸೇರಿಸಿಯೇ ಆಡುತ್ತಿದ್ದರು. ಹಳೆಯ ಇಂಗ್ಲಿಷ್‌ನಲ್ಲಿ ಚಾಕುವಿಗೆ ‘ಕ್ನೀಫ್’, ಮೊಣಕಾಲಿಗೆ ‘ಕ್ನೇಓವ್’, ತಿಳಿಯುವುದಕ್ಕೆ ‘ಕ್ನಾವನ್’ ಎಂಬ ರೂಪಗಳಿದ್ದವು. ಇಂಗ್ಲಿಷ್‌ನ ಹತ್ತಿರದ ನೆಂಟರಾದ ಜರ್ಮನ್, ಡಚ್ ಮತ್ತು ಸ್ವೀಡಿಷ್ ಭಾಷೆಗಳಲ್ಲಿ ಈ ಕಕಾರ ಇಂದಿಗೂ ಜೀವಂತವಾಗಿದೆ. ಜರ್ಮನ್ನರು ಮೊಣಕಾಲನ್ನು ‘ಕ್ನೀ’ ಎಂದೇ ಕರೆಯುತ್ತಾರೆ, ಅವರ ತರಗತಿಯಲ್ಲಿ ಹಾಗೆ ಓದಿದ ಮಗುವನ್ನು ನೋಡಿ ಯಾರೂ ನಗುವುದಿಲ್ಲ.

ಹಾಗಾದರೆ ಇಂಗ್ಲಿಷ್‌ನಲ್ಲಿ ಅದು ಎಲ್ಲಿಗೆ ಹೋಯಿತು? ‘ಕ್ನೀ’ ಎಂದು ನೀವೇ ನಿಧಾನವಾಗಿ ಹೇಳಿ ನೋಡಿ. ಕಕಾರಕ್ಕೆ ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಕ್ಕೆ ತಾಗುತ್ತದೆ, ಮರುಕ್ಷಣವೇ ನಕಾರಕ್ಕಾಗಿ ನಾಲಿಗೆಯ ತುದಿ ಹಲ್ಲಿನ ಬುಡಕ್ಕೆ ಬರಬೇಕು, ಅಷ್ಟರಲ್ಲಿ ಉಸಿರು ಬಾಯಿಯನ್ನು ಬಿಟ್ಟು ಮೂಗಿನ ದಾರಿ ಹಿಡಿಯಬೇಕು. ನಮ್ಮ ವರ್ಣಮಾಲೆಯಲ್ಲಿ ಕಂಠ್ಯವೆಂದೂ ದಂತ್ಯವೆಂದೂ ಬೇರೆ ಬೇರೆ ಸಾಲುಗಳಲ್ಲಿ ಕೂರಿಸಿರುವ ಎರಡು ವರ್ಣಗಳನ್ನು ನಡುವೆ ಸ್ವರವಿಲ್ಲದೆ, ಅದೂ ಪದದ ಮೊದಲಲ್ಲೇ ಕೂಡಿಸುವ ಕೆಲಸ ಇದು. ಇಂಗ್ಲಿಷರ ನಾಲಿಗೆ ಹದಿನೇಳನೆಯ ಶತಮಾನದಲ್ಲಿ ಈ ಶ್ರಮವನ್ನು ಕ್ರಮೇಣ ಬಿಟ್ಟುಕೊಟ್ಟಿತು. ಆದರೆ ಅದಕ್ಕೆ ಬಹಳ ಮೊದಲೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ತೆರೆದಿದ್ದರು. ಅಚ್ಚಿನ ಮೊಳೆಗಳು ಒಂದು ಕಾಲದ ಕಾಗುಣಿತವನ್ನು ಹಿಡಿದು ನಿಲ್ಲಿಸಿದವು. ಬಾಯಿ ಮುಂದೆ ಸಾಗಿತು, ಬರಹ ಅಲ್ಲೇ ಉಳಿಯಿತು. ಅವಳ ಪಠ್ಯಪುಸ್ತಕದಲ್ಲಿರುವುದು ಹೀಗೆ ಉಳಿದುಹೋದ ಅಕ್ಷರ.

ಇಂಥದ್ದು ನಮ್ಮ ಮನೆಯಲ್ಲಿಯೂ ನಡೆದಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಸಂಸ್ಕೃತದ ‘ಜ್ಞ’ವೂ ಪದದ ಒಳಗಿರಲಿ ಮೊದಲಿರಲಿ ನಾಲಿಗೆಗೆ ಸುಲಭವಲ್ಲದ ಒತ್ತಕ್ಷರವೇ. ಪ್ರಾಕೃತದ ಮೂಲಕ ಕನ್ನಡಕ್ಕೆ ಇಳಿಯುವಾಗ ಸಂಜ್ಞೆ ಸನ್ನೆಯಾಯಿತು, ಆಜ್ಞೆ ಆಣೆಯಾಯಿತು, ವಿಜ್ಞಾಪನೆ ಬಿನ್ನಪವಾಯಿತು, ರಾಜ್ಞಿ ರಾಣಿಯಾದಳು. ನಾಲ್ಕರಲ್ಲಿಯೂ ಜಕಾರ ಹೋಗಿ ಅನುನಾಸಿಕ ಮಾತ್ರ ಉಳಿದಿದೆ, ಇಂಗ್ಲಿಷ್‌ನಲ್ಲಿ ಕಕಾರ ಹೋಗಿ ನಕಾರ ಉಳಿದಂತೆಯೇ. ವ್ಯತ್ಯಾಸವಿರುವುದು ಬರಹದಲ್ಲಿ. ಕನ್ನಡ ತದ್ಭವವನ್ನು ಉಚ್ಚಾರಕ್ಕೆ ತಕ್ಕಂತೆ ಹೊಸದಾಗಿ ಬರೆದುಕೊಂಡಿತು. ‘ಸನ್ನೆ’ ಎಂದು ಹೇಳಿ ‘ಸಂಜ್ಞೆ’ ಎಂದು ಬರೆಯಿರಿ ಎಂದು ಯಾವ ಮೇಷ್ಟರೂ ಮಕ್ಕಳಿಗೆ ಹೇಳಿಕೊಡುವುದಿಲ್ಲ. ಇಂಗ್ಲಿಷ್ ಹೆಚ್ಚುಕಡಿಮೆ ಅದನ್ನೇ ಹೇಳಿಕೊಡುತ್ತದೆ. ಆದ್ದರಿಂದ ಆ ಕಕಾರವನ್ನು ‘ಸೈಲೆಂಟ್’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಬದಲು, ಅದೊಂದು ಕಾಲದಲ್ಲಿ ಆಡುತ್ತಿದ್ದ ವರ್ಣ ಎಂದು ಮಕ್ಕಳಿಗೆ ತಿಳಿಸಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಕಾರಣ ತಿಳಿದ ಮಗು ಕಾಗುಣಿತವನ್ನು ಮರೆಯುವುದು ಕಡಿಮೆ.

ಇನ್ನು ನಿಮ್ಮ ಸ್ನೇಹಿತರ ವಾದ. ಅವರು ಗುರುತಿಸಿರುವ ಎರಡು ಜೋಡಿಗಳೂ ಸರಿಯೇ, ಅದಕ್ಕಾಗಿ ಅವರನ್ನು ಅಭಿನಂದಿಸಬೇಕು. ಆದರೆ ಅವರು ಅಕ್ಕತಂಗಿಯರನ್ನು ತಾಯಿಮಕ್ಕಳೆಂದು ಭಾವಿಸಿದ್ದಾರೆ. 1786ರ ಫೆಬ್ರವರಿಯಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ವಿದ್ವಾಂಸ ವಿಲಿಯಂ ಜೋನ್ಸ್ ಅವರು, ಸಂಸ್ಕೃತ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ನಡುವಿನ ಹೋಲಿಕೆ ಆಕಸ್ಮಿಕವಲ್ಲ, ಇವು ಬಹುಶಃ ಈಗ ಉಳಿದಿಲ್ಲದ ಒಂದೇ ಮೂಲದಿಂದ ಕವಲೊಡೆದವು ಎಂಬ ಆಶಯದ ಮಾತನ್ನು ಹೇಳಿದರು. 1822ರಲ್ಲಿ ಜರ್ಮನ್ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ ಅವರು ಇಂಗ್ಲಿಷ್, ಜರ್ಮನ್ ಮೊದಲಾದವುಗಳಿರುವ ಜರ್ಮನಿಕ್ ಕವಲಿನಲ್ಲಿ ಆ ಮೂಲದ ವ್ಯಂಜನಗಳು ಕ್ರಮಬದ್ಧವಾಗಿ ಬದಲಾದ ಬಗೆಯನ್ನು ವಿವರಿಸಿದರು. ಅದರಂತೆ, ಲ್ಯಾಟಿನ್‌ನಲ್ಲಿ ಗಕಾರವಿದ್ದ ಕಡೆ ಇಂಗ್ಲಿಷ್‌ನಲ್ಲಿ ಕಕಾರ ಇರುತ್ತದೆ; ಅದೇ ಜಾಗದಲ್ಲಿ ಸಂಸ್ಕೃತ ಬಹುಮಟ್ಟಿಗೆ ಜಕಾರವನ್ನು ಕೊಡುತ್ತದೆ. ಮೊಣಕಾಲಿಗೆ ಲ್ಯಾಟಿನ್ ‘ಗೆನು’, ಸಂಸ್ಕೃತ ‘ಜಾನು’, ಇಂಗ್ಲಿಷ್ ‘ಕ್ನೀ’. ಕುಲಕ್ಕೆ ಲ್ಯಾಟಿನ್ ‘ಗೆನುಸ್’, ಸಂಸ್ಕೃತ ‘ಜನ’, ಇಂಗ್ಲಿಷ್ ‘ಕಿನ್’. ಹೊಲಕ್ಕೆ ಲ್ಯಾಟಿನ್ ‘ಅಗೆರ್’, ವೇದದ ಸಂಸ್ಕೃತದಲ್ಲಿ ‘ಅಜ್ರ’, ಇಂಗ್ಲಿಷ್ ‘ಏಕರ್’. ಈ ಕೊನೆಯದು ಬ್ರಿಟಿಷರ ಸರ್ವೆಯ ಜೊತೆ ನಮ್ಮ ಪಹಣಿಯೊಳಗೆ ಬಂದು ‘ಎಕರೆ’ಯಾಗಿ ಕೂತಿದೆ, ಗುಂಟೆಯ ಪಕ್ಕದಲ್ಲಿ ನಾವು ದಿನವೂ ಹೇಳುವ ಎಕರೆಗೆ ಋಗ್ವೇದದ ಹೊಲದೊಡನೆ ನೆಂಟಸ್ತಿಕೆಯಿದೆ ಎಂಬುದು ನನಗೆ ಪ್ರತಿ ಸಲವೂ ಹೊಸದಾಗಿ ಸಂತೋಷ ಕೊಡುವ ಸಂಗತಿ.

ಜಾನು ಎಂಬ ಪದ ನಮ್ಮ ಆಡುಮಾತಿನಲ್ಲಿಲ್ಲ, ನಮಗೆ ಮೊಣಕಾಲು, ಮಂಡಿ ಎಂಬ ಸ್ವಂತ ಪದಗಳಿವೆ. ಆದರೂ ಎತ್ತರದ ಆಳನ್ನು ‘ಆಜಾನುಬಾಹು’ ಎನ್ನುವಾಗ, ಮೊಣಕಾಲನ್ನು ಮುಟ್ಟುವಷ್ಟು ಉದ್ದ ತೋಳುಳ್ಳವನು ಎಂದೇ ನಾವು ಹೇಳುತ್ತಿರುತ್ತೇವೆ.

ಹಾಗೆಂದು ಒಂದೇ ಅಕ್ಷರಗಳಿಂದ ಶುರುವಾದವೆಲ್ಲ ಒಂದೇ ಮನೆತನದವಲ್ಲ. ಮೊಣಕಾಲಿನ ‘ನೀ’ ಮತ್ತು ತಿಳಿವಿನ ‘ನೋ’ ಬೇರೆ ಬೇರೆ ಮೂಲದವು. ಸಂಸ್ಕೃತದಲ್ಲಿಯೇ ಜಾನು ಬೇರೆ, ಜ್ಞಾ ಧಾತು ಬೇರೆ ಎಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಚಾಕುವಿನ ಕಥೆಯಂತೂ ಇನ್ನೊಂದು. ಇಂಗ್ಲೆಂಡಿಗೆ ಸ್ಕ್ಯಾಂಡಿನೇವಿಯದಿಂದ ಬಂದು ನೆಲೆಸಿದ ಜನರ ‘ಕ್ನೀಫ್ರ್’ ಎಂಬ ಪದವೇ ಹಳೆಯ ಇಂಗ್ಲಿಷ್‌ನ ಕೊನೆಯ ಘಟ್ಟದಲ್ಲಿ ಅದರೊಳಗೆ ಸೇರಿದ್ದು. ಗಂಟು ಎಂಬ ಅರ್ಥದ ‘ನಾಟ್’ ಮತ್ತು ಹೆಣೆಯುವ ‘ನಿಟ್’ ಪರಸ್ಪರ ಸಂಬಂಧಿಗಳು, ಹೆಣೆಯುವುದೆಂದರೆ ಮೊದಲು ಗಂಟು ಹಾಕುವುದೇ ಆಗಿತ್ತು. ಬಾಗಿಲು ತಟ್ಟುವ ‘ನಾಕ್’ ನಮ್ಮ ಟಕಟಕ, ಧಬಧಬಗಳಂತೆ ಅನುಕರಣ ಪದ. ‘ಕ್ನಾಕ್’ ಎಂದು ಹೇಳುತ್ತಿದ್ದಾಗ ಅದರಲ್ಲಿ ಬಾಗಿಲಿನ ಸದ್ದು ಕೇಳುತ್ತಿತ್ತು, ಕಕಾರ ಬಿದ್ದುಹೋದ ಮೇಲೆ ಆ ಸದ್ದಿನ ಅರ್ಧ ಹೋಯಿತು.

ಈ ಗುಂಪಿನಲ್ಲಿ ನನಗೆ ಹೆಚ್ಚು ಪ್ರಿಯವಾದವು ಇಬ್ಬರು ಹುಡುಗರು. ಹಳೆಯ ಇಂಗ್ಲಿಷ್‌ನ ‘ಕ್ನಿಹ್ಟ್’ ಎಂದರೆ ಹುಡುಗ, ‘ಕ್ನಫ’ ಎಂದರೂ ಹುಡುಗ. ಇಬ್ಬರೂ ಊಳಿಗದ ಹುಡುಗರಾದರು. ಮೊದಲನೆಯವನು ರಾಜನ ಬೆನ್ನ ಹಿಂದೆ ಕುದುರೆಯೇರಿ ಯುದ್ಧಕ್ಕೆ ಹೋಗುತ್ತ ‘ನೈಟ್’ ಎಂಬ ಗೌರವದ ಪದವಿಗೇರಿದ, ಆದರೆ ಅವನ ಜರ್ಮನ್ ಸಹೋದರ ‘ಕ್ನೆಷ್ಟ್’ ಆಳಾಗಿಯೇ ಉಳಿದ. ಎರಡನೆಯವನಾದ ‘ನೇವ್’ ಆಳಿನಿಂದ ಇನ್ನೂ ಕೆಳಗಿಳಿದು ಠಕ್ಕ, ವಂಚಕ ಎಂಬ ಅರ್ಥಕ್ಕೆ ಬಂದ, ಇಸ್ಪೀಟು ಎಲೆಯ ಮೇಲೂ ಕೂತ. ಆ ಎಲೆಯನ್ನು ಕನ್ನಡಿಗರು ಗುಲಾಮ ಎನ್ನುತ್ತೇವೆ; ಅರಬ್ಬಿಯಲ್ಲಿ ಗುಲಾಮ್ ಎಂಬುದಕ್ಕೂ ಮೊದಲ ಅರ್ಥ ಹುಡುಗ ಎಂದೇ. ಕರಾವಳಿಯ ಕಡೆ ಮನೆಯ ಹುಡುಗನನ್ನು ಪ್ರೀತಿಯಿಂದ ಕರೆಯುವ ‘ಮಾಣಿ’ ಎಂಬ ಪದವೇ ಹೋಟೆಲಿನಲ್ಲಿ ಕಾಫಿ ತಂದಿಡುವವನಿಗೂ ಸಲ್ಲುವುದನ್ನು ನೀವು ಕೇಳಿರುತ್ತೀರಿ. ಮೂರು ಭಾಷೆಗಳು ಒಂದನ್ನೊಂದು ಕೇಳದೆಯೇ ಹುಡುಗನ ಹೆಸರನ್ನು ಆಳಿಗೆ ಕೊಟ್ಟಿವೆ. ಪದದ ಮೊದಲ ಅಕ್ಷರಗಳ ಹೋಲಿಕೆಗಿಂತ ಅರ್ಥ ನಡೆದ ದಾರಿಯ ಈ ಹೋಲಿಕೆ ಎಷ್ಟೋ ಪಾಲು ಆಳವಾದದ್ದು ಎಂದು ನಾನು ನಂಬುತ್ತೇನೆ.

ಕೊನೆಗೆ, ಜ್ಞಾನದ ಕುಟುಂಬಕ್ಕೇ ಬರೋಣ. ಇದರಲ್ಲಿ ಹೋಲಿಕೆ ಬೇರಿನವರೆಗೂ ಇದೆ. ತಿಳಿಯದ್ದು ಎಂಬುದಕ್ಕೆ ಸಂಸ್ಕೃತದಲ್ಲಿ ‘ಅಜ್ಞಾತ’, ಗ್ರೀಕ್‌ನಲ್ಲಿ ‘ಅಗ್ನೋತೊಸ್’, ಲ್ಯಾಟಿನ್‌ನಲ್ಲಿ ‘ಇಗ್ನೋತುಸ್’. ನಿಷೇಧದ ಮೊದಲ ಭಾಗವೂ ತಿಳಿವಿನ ಧಾತುವೂ ಮೂರರಲ್ಲಿಯೂ ಒಂದೇ. ಇಂಗ್ಲಿಷ್‌ನ ‘ಅನ್‌ಕೂತ್’ ಕೂಡ ಹಿಂದೆ ಅಪರಿಚಿತ ಎಂಬ ಅರ್ಥದ್ದೇ ಆಗಿದ್ದು, ಈಗ ಒರಟು, ಅಸಭ್ಯ ಎಂಬಲ್ಲಿಗೆ ಬಂದಿದೆ. ಗ್ರೀಕ್ ಮತ್ತು ಲ್ಯಾಟಿನ್‌ನಿಂದ ಇಂಗ್ಲಿಷ್‌ಗೆ ಬಂದ ಪದಗಳಲ್ಲಿ ಈ ಧಾತು ಗಕಾರದೊಡನೆ ಕಾಣುತ್ತದೆ. ವೈದ್ಯರ ‘ಡಯಾಗ್ನೋಸಿಸ್’, ‘ರೆಕಗ್ನೈಸ್’, ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವರಿಗಾಗಿ 1869ರಲ್ಲಿ ಇಂಗ್ಲಿಷ್ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಅವರು ರೂಪಿಸಿದ ‘ಅಗ್ನಾಸ್ಟಿಕ್’, ಇವುಗಳಲ್ಲಿ ಗಕಾರ ಸ್ಪಷ್ಟವಾಗಿ ಕೇಳುತ್ತದೆ, ಏಕೆಂದರೆ ಅದು ಪದದ ನಡುವೆ ಇದ್ದು ಹಿಂದಿನ ಸ್ವರಕ್ಕೆ ಒರಗಿಕೊಂಡಿದೆ. ನೆರಳುಗಡಿಯಾರದ ಶಂಕುವಿಗೆ ಹೇಳುವ ‘ನೋಮನ್’ ಎಂಬ ಗ್ರೀಕ್ ಪದದಲ್ಲಿ ಅದೇ ಗಕಾರ ಮೊದಲಿಗೆ ಬಂದು, ಬರಹದಲ್ಲಿ ಉಳಿದು ಬಾಯಲ್ಲಿ ಇಲ್ಲವಾಗಿದೆ.

ಕಕಾರದ ಪಾಡೂ ಹೀಗೆಯೇ. ಪದದ ಆರಂಭದಲ್ಲಿ ಮಾತ್ರ ಅದು ಬಿದ್ದುಹೋಯಿತು. ಮಗಳಿಗೆ ಇದನ್ನು ತೋರಿಸಬೇಕೆಂದಿದ್ದರೆ, ನೀವು ನಿಮ್ಮ ಪತ್ರವನ್ನು ರಿಜಿಸ್ಟರ್ ಮಾಡಿ ಕಳುಹಿಸುವಾಗ ಲಕೋಟೆಗೆ ಅಂಟಿಸಿದ್ದ, ಪತ್ರ ತಲುಪಿದ್ದಕ್ಕೆ ನಾನು ಸಹಿ ಮಾಡಿ ಹಿಂದಿರುಗಿಸಿದ ಎ.ಡಿ. ಕಾರ್ಡನ್ನು ಅವಳ ಕೈಗೆ ಕೊಡಿ. ಅದರ ಮೇಲಿರುವ ‘ಅಕ್ನಾಲೆಜ್‌ಮೆಂಟ್’ ಎಂಬ ಪದದಲ್ಲಿ ತಿಳಿವಿನ ಆ ‘ನೋ’ ಕೂತಿದೆ. ಅವಳು ಅದನ್ನು ಗಟ್ಟಿಯಾಗಿ ಓದಲಿ. ಕಕಾರ ಕೇಳಿಸುತ್ತದೆ, ತರಗತಿಯಲ್ಲಿ ಓದಿದರೂ ಯಾರೂ ನಗುವುದಿಲ್ಲ.

ವಿಶ್ವಾಸಗಳೊಂದಿಗೆ,
ಸಂಪಾದಕ