ಅಳೆಯದೆ ಬರೆದ 75 ಡಿಗ್ರಿ

ಪ್ರಶ್ನೆ: ನಾನು ಬಿಪಿಟಿ (ಫಿಸಿಯೋಥೆರಪಿ ಪದವಿ) ಇಂಟರ್ನ್. ನಾಲ್ಕು ವರ್ಷವೂ ಕ್ಲಾಸಿನ ಮೊದಲ ಮೂವರಲ್ಲಿ ಇದ್ದವಳು. ಈಗ ಆರ್ಥೋ ವಾರ್ಡಿನ ಪೋಸ್ಟಿಂಗ್. ಮಂಡಿ ಬದಲಿ ಆಪರೇಷನ್ ಆದ ಅಜ್ಜಿಯೊಬ್ಬರ ಕಾಲು ಎಷ್ಟು ಡಿಗ್ರಿ ಮಡಚುತ್ತದೆ ಎಂದು ದಿನವೂ ಅಳೆದು ಕೇಸ್ ಶೀಟಿನಲ್ಲಿ ಬರೆಯಬೇಕು. ಅವತ್ತು ನನ್ನ ಪಾಲಿಗೆ ಹನ್ನೊಂದು ಪೇಷೆಂಟ್. ಹಿಂದಿನ ದಿನ 70 ಇತ್ತು, ಐದು ಸೇರಿಸಿ 75 ಅಂತ ಬರೆದುಬಿಟ್ಟೆ. ರೌಂಡ್ಸಿಗೆ ಬಂದ ಮೇಡಂ ಗೋನಿಯೋಮೀಟರ್ (ಕೀಲಿನ ಕೋನ ಅಳೆಯುವ ಸಾಧನ) ಇಟ್ಟು ನೋಡಿದರೆ 60. ಅಜ್ಜಿ, ಅವರ ಮಗ, ಜೂನಿಯರ್‌ಗಳು ಎಲ್ಲರ ಎದುರೇ "ಮಾರ್ಕ್ಸ್ ತಗೊಂಡ್ರೆ ಥೆರಪಿಸ್ಟ್ ಆಗಲ್ಲ, ನಡವಳಿಕೆ ಬೇಕು" ಅಂದರು. ಮೌಲ್ಯಮಾಪನದಲ್ಲೂ ಇದನ್ನು ಬರೆಯುತ್ತಾರಂತೆ. ಎಲ್ಲ ಇಂಟರ್ನ್‌ಗಳೂ ಹೀಗೇ ಮಾಡುವುದು, ಸಿಕ್ಕಿಬಿದ್ದವಳು ನಾನು. ಹೇಗೂ ಡಾಕ್ಟರ್‌ಗಳು ನಮ್ಮನ್ನು ಮಸಾಜ್ ಮಾಡುವವರ ಹಾಗೆ ನೋಡುತ್ತಾರೆ, ನಮ್ಮ ಡಿಗ್ರಿ ಲೆಕ್ಕ ಯಾರು ಓದುತ್ತಾರೆ? ಅಪ್ಪನಿಗೆ ಕಾಲೇಜಿನ ಆಡಳಿತ ಮಂಡಳಿಯವರೊಬ್ಬರ ಪರಿಚಯವಿದೆ. ಅವರಿಂದ ಹೇಳಿಸಿ ಪೋಸ್ಟಿಂಗ್ ಬದಲಾಯಿಸಿಕೊಳ್ಳಲೇ? ಕ್ಷಮೆ ಕೇಳಿದರೆ ನಾನೇ ತಪ್ಪು ಮಾಡಿದೆ ಎಂದು ಬರೆದುಕೊಟ್ಟ ಹಾಗಾಗುವುದಿಲ್ಲವೇ?
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು ನೀನು, ಏಕವಚನದಲ್ಲೇ ಬರೆಯುತ್ತೇನಮ್ಮ. ಬೇಜಾರು ಮಾಡಿಕೊಳ್ಳಬೇಡ.

ಮೊದಲು ನಿನ್ನ ಪರವಾಗಿ ಒಂದು ಮಾತು. ಪೇಷೆಂಟ್ ಎದುರು, ಅವರ ಮನೆಯವರ ಎದುರು ಬೈಯಬಾರದಿತ್ತು. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಮಾರನೆ ದಿನ ಅದೇ ಅಜ್ಜಿಯ ಕಾಲನ್ನು ನೀನು ಹಿಡಿಯಬೇಕಲ್ಲ, ಅವರಿಗೆ ನಿನ್ನ ಮೇಲೆ ನಂಬಿಕೆ ಉಳಿಯುವುದು ಹೇಗೆ? ಇದು ಮೇಡಂ ಅವರ ಲೆಕ್ಕಕ್ಕೆ ಸೇರಿದ ತಪ್ಪು. ಆದರೆ ಅದನ್ನು ಹಿಡಿದುಕೊಂಡು ನಿನ್ನ 75ನ್ನು ಮುಚ್ಚಿಡಲು ಆಗುವುದಿಲ್ಲ.

ಆ ಸಂಖ್ಯೆಯನ್ನೇ ಸ್ವಲ್ಪ ನೋಡೋಣ. ಒಂದೇ ಮಂಡಿಯನ್ನು ಇಬ್ಬರು ಅಳೆದರೆ ಐದು ಡಿಗ್ರಿ ಆಚೀಚೆ ಆಗುವುದುಂಟು, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಆದರೆ ನಿನ್ನೆ 70 ಇದ್ದದ್ದು ಇವತ್ತು 60 ಆಗಿದೆ ಎಂದರೆ ಅದೇ ಒಂದು ಸುದ್ದಿ. ರಾತ್ರಿ ನೋವಿನ ಮಾತ್ರೆ ತಪ್ಪಿಹೋಗಿರಬಹುದು. ಮಂಡಿ ಊದಿರಬಹುದು. ಹೊಲಿಗೆಯ ಸುತ್ತ ಬಿಸಿಯಾಗಿ ಸೋಂಕು ಶುರುವಾಗಿರಬಹುದು. ರಕ್ತ ಹೆಪ್ಪುಗಟ್ಟಿ ಮೀನಖಂಡ ಬಿಗಿದಿರಬಹುದು, ಅದು ಪ್ರಾಣಕ್ಕೇ ಕುತ್ತು ತರುವಂಥದ್ದು. ಏನೂ ಇಲ್ಲದೆ ಅಜ್ಜಿ ಹೆದರಿ ಕಾಲು ಬಿಗಿಹಿಡಿದಿರಲೂಬಹುದು. ನೀನು 75 ಬರೆದ ಕೂಡಲೇ ಈ ಅಷ್ಟೂ ಪ್ರಶ್ನೆ ಮುಚ್ಚಿಹೋದವು. ಶೀಟು ಓದಿದವರಿಗೆ ಅಜ್ಜಿ ಸುಧಾರಿಸುತ್ತಿದ್ದಾರೆ, ಇನ್ನೆರಡು ದಿನಕ್ಕೆ ಮನೆಗೆ ಕಳಿಸಬಹುದು ಅನ್ನಿಸುತ್ತದೆ. ಕುರ್ಚಿಯಿಂದ ಸರಾಗ ಏಳಲು, ಬಸ್ಸಿನ ಮೆಟ್ಟಿಲು ಹತ್ತಲು 90ರ ಆಸುಪಾಸು ಬೇಕು. 60ರ ಮಂಡಿ ಹೊತ್ತು ಮನೆಗೆ ಹೋದವರನ್ನು ಎಬ್ಬಿಸಿ ಕೂರಿಸುವ ಕೆಲಸ ಮನೆಯ ಹೆಂಗಸರ ಸೊಂಟಕ್ಕೆ ಬೀಳುತ್ತದೆ.

ಅಳೆಯುವುದಕ್ಕೆ ಬೇಕಾದದ್ದು ಎಷ್ಟು ಹೊತ್ತು? ಮಂಡಿಯ ಹೊರಬದಿಯ ಉಬ್ಬಿನ ಮೇಲೆ ಗೋನಿಯೋಮೀಟರಿನ ನಡುಬಿಂದು, ಒಂದು ತೋಳು ಸೊಂಟದ ಪಕ್ಕದ ಮೂಳೆಯ ಕಡೆ, ಇನ್ನೊಂದು ಹೊರಬದಿಯ ಹರಡಿನ ಕಡೆ. ವೈವಾದಲ್ಲಿ ನೀನು ನಿದ್ದೆಗಣ್ಣಲ್ಲೂ ಹೇಳಿರುತ್ತೀಯ. ಒಂದು ನಿಮಿಷದ ಕೆಲಸ. ಆ ಒಂದು ನಿಮಿಷದಲ್ಲಿ ನಿನ್ನ ಅಂಗೈ ಅಜ್ಜಿಯ ಕಾಲಿನ ಮೇಲಿರುತ್ತದೆ. ಬಿಸಿ, ಬಾವು, ಮುಟ್ಟಿದ ಕಡೆ ಮುಖ ಕಿವುಚುವುದು ಎಲ್ಲ ಕೈಗೆ ಕಣ್ಣಿಗೆ ಸಿಗುವುದು ಆಗಲೇ. "ಮಸಾಜ್ ಮಾಡುವವರು" ಅನ್ನಿಸಿಕೊಂಡ ಸಿಟ್ಟು ನನಗೂ ಗೊತ್ತು, ಮೂವತ್ತು ವರ್ಷ ಕೇಳಿದ್ದೇನೆ. 2021ರಲ್ಲಿ ಕೇಂದ್ರದ ಕಾಯ್ದೆ ಬಂದು ನಮ್ಮ ವೃತ್ತಿಗೂ ರಾಷ್ಟ್ರೀಯ ಆಯೋಗ, ನೋಂದಣಿ ಎಂದೆಲ್ಲ ಆಯಿತು. ಆದರೆ ವಾರ್ಡಿನಲ್ಲಿ ಸರ್ಜನ್ ನಮ್ಮ ಶೀಟನ್ನು ತೆಗೆದು ಓದುವುದು, ಹಿಂದಿನ ಸಲ ಓದಿದ್ದು ನಿಜವಾಗಿತ್ತು ಅನ್ನುವ ಕಾರಣಕ್ಕೆ ಮಾತ್ರ.

ಹನ್ನೊಂದು ಪೇಷೆಂಟ್ ಜಾಸ್ತಿ, ಒಪ್ಪಿದೆ. ಅಂಥ ದಿನ "ಇಂದು ಅಳೆದಿಲ್ಲ" ಎಂದು ಬರೆಯಬಹುದು. ಬೈಸಿಕೊಳ್ಳುತ್ತೀಯ, ಬೈಸಿಕೋ. ಬೆಳಗ್ಗೆಯೇ ಹೋಗಿ "ಮೇಡಂ, ಹನ್ನೊಂದು ಜನರನ್ನೂ ಸರಿಯಾಗಿ ನೋಡಲು ಆಗಲ್ಲ, ಯಾರನ್ನು ಮೊದಲು ನೋಡಲಿ?" ಎಂದೂ ಕೇಳಬಹುದು. ಹಾಗೆ ಕೇಳಿದರೆ ಸೋಮಾರಿ ಅನ್ನುತ್ತಾರೆ ಎಂಬ ಭಯ ನಮ್ಮ ಹುಡುಗಿಯರಿಗೆ ಬಹಳ.

ನಾನು ಇಂಟರ್ನ್ ಆಗಿದ್ದಾಗಿನ ಒಂದು ಕಥೆ. ಸಕ್ಕರೆ ಕಾಯಿಲೆಯ ನಿವೃತ್ತ ಮೇಷ್ಟ್ರೊಬ್ಬರ ಕಾಲಿಗೆ ಹಾಟ್ ಪ್ಯಾಕ್ ಇಟ್ಟೆ. ಇಡುವ ಮೊದಲು ಬಿಸಿನೀರು, ತಣ್ಣೀರಿನ ಟೆಸ್ಟ್ ಟ್ಯೂಬ್ ಮುಟ್ಟಿಸಿ ಚರ್ಮಕ್ಕೆ ಬಿಸಿ, ತಂಪು ತಿಳಿಯುತ್ತದೆಯೇ ಎಂದು ನೋಡಬೇಕು. ನೋಡಲಿಲ್ಲ. ಇಟ್ಟು, ಹೊರಗೆ ಗೆಳತಿಯ ಜೊತೆ ಮಾತಿಗೆ ನಿಂತೆ, ಅರ್ಧ ಗಂಟೆ ಹೋಯಿತು. ಮಾರನೆ ದಿನ ಬೊಬ್ಬೆ ಎದ್ದಿತ್ತು. ಎಷ್ಟು ಹೊತ್ತು ಇಟ್ಟಿದ್ದೆ ಎಂದು ಸರ್ ಕೇಳಿದರು. ಹದಿನೈದು ನಿಮಿಷ ಅಂದೆ. ಸರ್ ನನ್ನನ್ನು ನಂಬಿದರು. ನಂಬಿ, ಪ್ಯಾಕ್ ಬಿಸಿ ಮಾಡುವ ಮಷೀನೇ ಕೆಟ್ಟಿರಬೇಕೆಂದು ಅದನ್ನು ರಿಪೇರಿಗೆ ಕಳಿಸಿದರು. ಎರಡು ದಿನ ಇಡೀ ಡಿಪಾರ್ಟ್‌ಮೆಂಟಿನಲ್ಲಿ ಯಾರಿಗೂ ಹಾಟ್ ಪ್ಯಾಕ್ ಇಲ್ಲ. ಸೊಂಟ ಹಿಡಿದುಕೊಂಡು ಬಂದವರು ಹಾಗೇ ವಾಪಸು ಹೋಗುವುದನ್ನು ನೋಡುತ್ತಾ ಕೂತಿದ್ದೆ. ಮೂರನೇ ದಿನ ಬಾಯಿಬಿಟ್ಟೆ. ಸರ್ ಕೂಗಾಡಲಿಲ್ಲ. "ಮೊನ್ನೆಯೇ ಹೇಳಿದ್ದರೆ ಮಷೀನ್ ಬಿಟ್ಟು ಮೇಷ್ಟ್ರ ಕಾಲನ್ನು ನೋಡುತ್ತಿದ್ದೆವು" ಅಂದರು. ಅವತ್ತು ಅವರೂ ಎಲ್ಲರೆದುರು ಬೈದಿದ್ದರೆ ನಾನೂ ಬಹುಶಃ ಅಪ್ಪನಿಗೆ ಫೋನ್ ಮಾಡುತ್ತಿದ್ದೆ.

"ನಡವಳಿಕೆ" ಎಂಬ ಪದ ನಿನಗೆ ಶಾಲೆಯ ಸರ್ಟಿಫಿಕೇಟಿನ ಹಾಗೆ ಕೇಳಿಸಿರಬೇಕು. ನಮ್ಮ ವೃತ್ತಿಯಲ್ಲಿ ಅದಕ್ಕೆ ಬೇರೆ ಅರ್ಥವಿದೆ. ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಫಿಸಿಯೋಥೆರಪಿ ಅಧ್ಯಾಪಕರು 1990ರ ದಶಕದ ಆರಂಭದಲ್ಲಿ, ವಿದ್ಯಾರ್ಥಿಗೆ ಪಾಠದಾಚೆ ಏನೇನು ಬರಬೇಕು ಎಂದು ಆಸ್ಪತ್ರೆಗಳಲ್ಲಿ ಕಲಿಸುವ ಥೆರಪಿಸ್ಟ್‌ಗಳನ್ನೇ ಕೇಳಿ ಹತ್ತು ಅಂಶಗಳ ಪಟ್ಟಿ ಮಾಡಿದರು. ಅಂಗರಚನಾಶಾಸ್ತ್ರವಾಗಲಿ, ಎಲೆಕ್ಟ್ರೋಥೆರಪಿಯಾಗಲಿ ಅದರಲ್ಲಿ ಇಲ್ಲ. ಸಮಯದ ಬಳಕೆ, ಹೊಣೆಗಾರಿಕೆ, ಒತ್ತಡ ನಿಭಾಯಿಸುವುದು, ತಿದ್ದಿ ಹೇಳಿದ್ದನ್ನು ಬಳಸಿಕೊಳ್ಳುವುದು ಇವೆ. ಪ್ರತಿಯೊಂದಕ್ಕೂ ಹಂತಗಳನ್ನು ಹಾಕಿದ್ದಾರೆ, ಅಂದರೆ ಇದು ಹುಟ್ಟುಗುಣವಲ್ಲ, ಗೋನಿಯೋಮೀಟರ್ ಹಿಡಿಯುವುದನ್ನು ಕಲಿತ ಹಾಗೇ ಕಲಿಯುವಂಥದ್ದು. ನಿನ್ನ ಕಾಗದ ನೋಡಿದರೆ ಹತ್ತರಲ್ಲಿ ಎರಡು ಮೂರಕ್ಕೆ ನೀನಿನ್ನೂ ಶುರುವಿನ ಮೆಟ್ಟಿಲಲ್ಲಿದ್ದೀಯ. ಇಂಟರ್ನ್‌ಶಿಪ್ ಇರುವುದೇ ಅದಕ್ಕೆ.

ಅಪ್ಪನ ವಿಷಯ. ಬೇಡ. ಅವರಿಂದ ಒಂದು ಫೋನ್ ಹೋದರೆ ಪೋಸ್ಟಿಂಗ್ ಬದಲಾಗಬಹುದು, ಆದರೆ ಇನ್ನು ಮುಂದೆ ನಿನ್ನ ತಪ್ಪನ್ನು ನಿನಗೆ ಹೇಳುವ ಸೀನಿಯರ್ ಒಬ್ಬರೂ ಇರುವುದಿಲ್ಲ. "ಆಡಳಿತ ಮಂಡಳಿ ಕಡೆಯ ಹುಡುಗಿ" ಎಂದು ನಕ್ಕು ಸಹಿ ಹಾಕಿ ಕಳಿಸುತ್ತಾರೆ.

ನಾಳೆ ಒಪಿಡಿ ಶುರುವಾಗುವ ಮೊದಲೇ ಮೇಡಂ ಅವರನ್ನು ಒಬ್ಬಳೇ ಕಾಣು. ವಾಟ್ಸಾಪಿನಲ್ಲಿ ಸಾರಿ ಕಳಿಸಬೇಡ, ಕೈಮುಗಿದ ಇಮೋಜಿಯಂತೂ ಬೇಡವೇ ಬೇಡ. "75 ಅಂತ ಬರೆದದ್ದು ಅಳೆಯದೆ ಬರೆದದ್ದು ಮೇಡಂ" ಎಂದು ಶುರು ಮಾಡು. ಹನ್ನೊಂದು ಜನ, ಸುಸ್ತು, ಬೇರೆ ಇಂಟರ್ನ್‌ಗಳು ಯಾವುದೂ ಆ ವಾಕ್ಯದಲ್ಲಿ ಬರಬಾರದು. ಬೇರೆ ಶೀಟುಗಳಲ್ಲೂ ಹೀಗೆ ಬರೆದಿದ್ದರೆ (ಬರೆದಿರುತ್ತೀಯ ಎಂದು ನನ್ನ ಗುಮಾನಿ) ಅದನ್ನೂ ಆಗಲೇ ಹೇಳು. ಅವರು ತಿದ್ದಲು ಹೇಳಿದರೆ ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಸಹಿ. ವೈಟ್ನರ್ ಮುಟ್ಟಬೇಡ. ಹೌದು, ಇದು ತಪ್ಪು ಮಾಡಿದೆ ಎಂದು ಬರೆದುಕೊಟ್ಟ ಹಾಗೆಯೇ. ಮಾಡಿದ್ದೀಯಲ್ಲ. ಅದಾದ ಮೇಲೆ, ಅದೇ ದಿನವಲ್ಲದಿದ್ದರೂ ಒಂದು ವಾರ ಬಿಟ್ಟು, "ಮುಂದೆ ಏನಾದರೂ ಇದ್ದರೆ ಪೇಷೆಂಟ್ ಇಲ್ಲದಾಗ ಹೇಳಿ ಮೇಡಂ" ಎಂದು ಕೇಳುವ ಹಕ್ಕು ನಿನಗಿದೆ. ಮೌಲ್ಯಮಾಪನದಲ್ಲಿ ಬರೆದರೆ ಬರೆಯಲಿ, ಆರು ತಿಂಗಳ ಹಾಳೆಗಳಲ್ಲಿ ಅದೊಂದು ಸಾಲು.

ಅಜ್ಜಿ ಡಿಸ್ಚಾರ್ಜ್ ಆಗುವ ಮೊದಲು ಅವರ ಹಾಸಿಗೆಯ ಹತ್ತಿರವೂ ಹೋಗು. "ಮೊನ್ನೆ ನಾನು ಸರಿಯಾಗಿ ನೋಡಿರಲಿಲ್ಲ ಅಜ್ಜಿ, ಇವತ್ತು ನೋಡ್ತೀನಿ" ಎಂದರೆ ಸಾಕು. ಮನೆಗೆ ಎಷ್ಟು ಮೆಟ್ಟಿಲು, ಕಕ್ಕಸು ಯಾವ ಥರದ್ದು ಎಂದು ಕೇಳು, ಯಾರೂ ಕೇಳಿರುವುದಿಲ್ಲ. ಹೋಗುವಾಗ ಗೋನಿಯೋಮೀಟರ್ ಮರೆಯಬೇಡ.